ಬೆಳಗದ ಪರದೆ

ಟಾರ್ಚನ್ನು ಓರೆಯಾಗಿ ಹಿಡಿದಾಗ ಕಪ್ಪು ಪರದೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ವಿಭಾಳಿಗೆ ಮೊದಲು ಕಂಡದ್ದು ತನ್ನದೇ ಮುಖ.

ಕೈಯನ್ನು ಇನ್ನಷ್ಟು ವಾಲಿಸಿದಳು. ಮುಖ ಪಕ್ಕಕ್ಕೆ ಸರಿಯಿತು. ಅದರ ಹಿಂದೆ, ಎಣ್ಣೆ ಹೀರಿದ ಕಾಗದದ ಮೇಲಿನ ಅಕ್ಷರದಷ್ಟು ಮಸುಕಾಗಿ, ಚಿಕ್ಕ ಚೌಕಗಳ ಒಂದು ಸಾಲು ಕಂಡಿತು.

"ಚಿತ್ರ ಬರ್ತಾ ಇದೆ," ಎಂದಳು. "ಬೆಳಕು ಮಾತ್ರ ಇಲ್ಲ."

ಹೆಡ್ ಕಾನ್‌ಸ್ಟೇಬಲ್ ಭೀಮರಾಜ್ ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದ. ತನಗೇನೂ ಕಾಣುತ್ತಿಲ್ಲವೆಂದ. ಆಮೇಲೆ ತಲೆಯನ್ನು ಒಂದು ಕಡೆಗೆ ಓರೆ ಮಾಡಿ, ಹೌದು, ಏನೋ ಇದೆ ಎಂದು ಒಪ್ಪಿಕೊಂಡ.

ಟೇಕಲ್ ಬೆಟ್ಟದ ಹಿಂಬದಿಯ ಗಂಗುಲಪ್ಪನ ಕಲ್ಲುಕ್ವಾರಿಯಲ್ಲಿ ಬಂಡೆ ಸಿಡಿಸಿದ ಶನಿವಾರದ ಸಂಜೆಯಿಂದ ಮುನಿಕೃಷ್ಣಪ್ಪ ಎಂಬ ಕೆಲಸಗಾರ ಕಾಣೆಯಾಗಿದ್ದ. ಆ ಸಂಜೆ ನೆಲದ ಅದುರು ಅಳೆಯುತ್ತಿದ್ದ ಈ ಲ್ಯಾಪ್‌ಟಾಪ್ ಒಂದೇ ಪೊಲೀಸರ ಕೈಗೆ ಸಿಕ್ಕಿದ್ದ ಸಾಕ್ಷಿ.

ಅದು ಆಫೀಸಿನ ಮೇಜಿನ ಮೇಲೆ ಇಡುವಂಥದ್ದಲ್ಲ. ಲೋಹದ ಮೈ, ಮೂಲೆಗಳಿಗೆ ದಪ್ಪ ರಬ್ಬರು, ಪೆಟ್ಟಿಗೆಗೆ ಇರುವಂಥ ಹಿಡಿಕೆ. ಧೂಳು, ನೀರು, ಏಟು ಎಲ್ಲವನ್ನೂ ತಡೆಯಲೆಂದೇ ಮಾಡಿದ ಹಳೆಯ ಯಂತ್ರ. ಕ್ವಾರಿಯ ಶೆಡ್ಡಿನಲ್ಲಿ ಸಿಕ್ಕಾಗ ಒಂದು ಮೂಲೆ ನೆಗ್ಗಿಹೋಗಿತ್ತು. ಮುಚ್ಚಳದ ಮೇಲೆ ಉದ್ದಕ್ಕೂ ತರಚಿದ ಗುರುತು. ಯಾರೋ ಎತ್ತರದಿಂದ ಎಸೆದಿದ್ದರು.

ಅದುರಿನ ಅಳತೆ ಮಾಡುತ್ತಿದ್ದ ಎಂಜಿನಿಯರ್ ಶ್ರೀರಾಮ್ ಕೊಟ್ಟ ಹೇಳಿಕೆ ಫೈಲಿನಲ್ಲಿತ್ತು. ಬಂಡೆ ಸಿಡಿಸುವ ಮದ್ದು ಹಚ್ಚುವ ಮೊದಲೇ ಪರದೆ ಕೆಟ್ಟಿತು, ಹಾಗಾಗಿ ಆ ದಿನದ ಅಳತೆಯೇ ಇಲ್ಲ ಎಂದಿದ್ದ. ಕ್ವಾರಿಯ ಒಡೆಯ ಗಂಗುಲಪ್ಪನೂ ಅದನ್ನೇ ಹೇಳಿದ್ದ. ಮ್ಯಾನೇಜರ್ ನರಸಿಂಹನದೂ ಅದೇ ಮಾತು. ಮೂವರ ಮಾತೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿದ್ದದ್ದೇ ವಿಭಾಳಿಗೆ ಸರಿಕಾಣಲಿಲ್ಲ.

ಪೊಲೀಸು ಕೆಲಸಕ್ಕೆ ಸೇರುವ ಮೊದಲು ಅವಳು ಕೋಲಾರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದಳು. ಬೆಂಗಳೂರಿನ ಲ್ಯಾಬಿಗೆ ಕಳಿಸಿದರೆ ವರದಿ ಬರುವುದಕ್ಕೆ ತಿಂಗಳುಗಳೇ ಬೇಕು. ಮೇಲಿನವರ ಅನುಮತಿ ಪಡೆದು, ಇಬ್ಬರು ಪಂಚರನ್ನು ಕೂರಿಸಿಕೊಂಡು, ತಾನೇ ನೋಡಲು ಕೂತಿದ್ದಳು.

ಚಾರ್ಜರ್ ಸಿಕ್ಕಿಸಿದ ಕೂಡಲೇ ಹಸಿರು ದೀಪ ಹತ್ತಿತ್ತು. ಒಳಗೆ ಡಿಸ್ಕು ತಿರುಗುವ ಸದ್ದು ಕೇಳಿತ್ತು. ಹಾಗಾದರೆ ಯಂತ್ರಕ್ಕೆ ಜೀವವಿದೆ. ಠಾಣೆಯ ಕಂಪ್ಯೂಟರಿನ ಮಾನಿಟರನ್ನು ಇದಕ್ಕೆ ಜೋಡಿಸಿ ನೋಡೋಣವೆಂದರೆ ಅದರ ಕನೆಕ್ಟರೇ ಏಟು ಬಿದ್ದು ಚಪ್ಪಟೆಯಾಗಿತ್ತು. ಮುಚ್ಚಳವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದಳು. ಕೀಲಿನ ಒಳಗಿನ ವೈರು ತುಂಡಾಗಿದ್ದರೆ ಯಾವುದಾದರೊಂದು ಕೋನದಲ್ಲಿ ಪರದೆ ಮಿನುಗಬೇಕು. ಮಿನುಗಲಿಲ್ಲ. ಆಮೇಲೆ ಟಾರ್ಚು.

ಟಾರ್ಚು ಅರ್ಧ ಉತ್ತರ ಹೇಳಿತ್ತು. ಗಾಜು ಸರಿಯಿದೆ, ವೈರು ಸರಿಯಿದೆ. ಪರದೆಯ ಹಿಂದಿನ ದೀಪ ಮಾತ್ರ ಉರಿಯುತ್ತಿಲ್ಲ.

"ಎಸೆದಾಗ ಬಲ್ಬು ಹೋಗಿರಬೌದಲ್ವಾ ಮೇಡಂ?" ಭೀಮರಾಜ್ ಕೇಳಿದ.

ಹೋಗಿರಬಹುದು. ಬಲ್ಬಿಗೆ ಕರೆಂಟು ಕೊಡುವ ಪುಟ್ಟ ಸರ್ಕ್ಯೂಟ್ ಹಲಗೆ ಸುಟ್ಟಿರಬಹುದು. ಎರಡಕ್ಕೂ ಯಂತ್ರ ಬಿಚ್ಚಬೇಕು. ಬಿಚ್ಚದೆಯೇ ನೋಡಬಹುದಾದ ಕಾರಣ ಇನ್ನೊಂದಿತ್ತು. ಮುಚ್ಚಳ ಮುಚ್ಚಿದರೆ ಪರದೆಯ ದೀಪ ತಾನಾಗಿ ಆರುತ್ತದೆ. ಮುಚ್ಚಿದ್ದು ಯಂತ್ರಕ್ಕೆ ತಿಳಿಯುವುದು ಒಂದು ಅಯಸ್ಕಾಂತದಿಂದ. ಪರದೆಯ ಚೌಕಟ್ಟಿನ ಒಳಗೆ ಅಯಸ್ಕಾಂತ, ಕೆಳಗೆ ಕೀಬೋರ್ಡಿನ ಪಕ್ಕ ಅದನ್ನು ಗುರುತಿಸುವ ಸ್ವಿಚ್ಚು. ಎರಡೂ ಹತ್ತಿರ ಬಂದರೆ ದೀಪ ಆರಿತು.

ವಿಭಾ ಕೇಸಿನ ಕಾಗದಗಳಿಂದ ಒಂದು ಗುಂಡುಸೂಜಿ ಕಿತ್ತಳು. ಅದನ್ನು ದಾರಕ್ಕೆ ಕಟ್ಟಿ ಪರದೆಯ ಚೌಕಟ್ಟಿನ ಉದ್ದಕ್ಕೂ ಇಳಿಬಿಟ್ಟಳು. ಒಂದು ಕಡೆ ಸೂಜಿ ಎಳೆದುಕೊಂಡಿತು. ಅದು ತಯಾರಿಸಿದವರು ಇಟ್ಟದ್ದು, ಇರಲೇಬೇಕಾದದ್ದು.

ಆಮೇಲೆ ಕೀಬೋರ್ಡಿನ ಕಡೆಗೆ ತಂದಳು. ಅಲ್ಲಿ ಸೂಜಿ ಸುಮ್ಮನೆ ತೂಗಬೇಕಿತ್ತು.

ತೂಗಲಿಲ್ಲ. ಕೈ ಇಡುವ ಜಾಗದಲ್ಲಿ ಅಂಟಿಸಿದ್ದ ಸ್ಟಿಕ್ಕರಿನ ಮೇಲೆ ಬಂದದ್ದೇ ತಡ, ಸೂಜಿ ದಾರವನ್ನು ಬಿಗಿಯಾಗಿ ಎಳೆದು ಟಕ್ಕೆಂದು ಅಂಟಿಕೊಂಡಿತು.

ವಿಭಾ ಫೋಟೊ ತೆಗೆಸಿದಳು. ಸ್ಟಿಕ್ಕರಿನ ಒಂದು ಅಂಚನ್ನು ಯಾರೋ ಮೊದಲೇ ಬಿಡಿಸಿ ಮತ್ತೆ ಅಂಟಿಸಿದ್ದರು. ಅಂಟಿನ ಮೇಲೆ ಕಲ್ಲಿನ ಧೂಳು ಕೂತಿತ್ತು. ಇಕ್ಕಳದಿಂದ ಸ್ಟಿಕ್ಕರು ಬಿಡಿಸಿ ಅಡಿಯಲ್ಲಿದ್ದುದನ್ನು ಮೇಲೆತ್ತಿದಳು. ಬಟ್ಟೆಯ ಗುಂಡಿಯಷ್ಟು ಅಗಲದ, ತೆಳ್ಳನೆಯ ಅಯಸ್ಕಾಂತ. ಅದರ ಬೆನ್ನಿಗೆ ಕಪ್ಪು ರೆಕ್ಸಿನ್ನಿನ ಚೂರು, ತುಂಡು ದಾರ.

ಅದು ಜಾಗ ಬಿಟ್ಟು ಎದ್ದ ಕ್ಷಣದಲ್ಲೇ ಪರದೆ ಬೆಳಗಿತು.

ಕೆಟ್ಟದ್ದೇನೂ ಇರಲಿಲ್ಲ. ಮುಚ್ಚಳ ಮುಚ್ಚಿದೆಯೆಂದು ಯಾರೋ ಆ ಯಂತ್ರವನ್ನು ನಂಬಿಸಿದ್ದರು.

*

ಅಳತೆಯ ಫೈಲು ಹುಡುಕುವುದು ಕಷ್ಟವಾಗಲಿಲ್ಲ. ಆ ಶನಿವಾರದ ತಾರೀಖಿನಲ್ಲೇ ಇತ್ತು.

ಪರದೆಯ ಮೇಲೆ ಎಡದಿಂದ ಬಲಕ್ಕೆ ಒಂದು ನೇರ ಗೆರೆ. ಬಂಡೆಯ ಮೇಲಿಟ್ಟ ಸೆನ್ಸರಿನಿಂದ ವೈರಿನಲ್ಲಿ ಬಂದ ಅಳತೆ ಅದು; ನೆಲ ಅದುರಿದರೆ ಗೆರೆ ಅದುರುತ್ತದೆ. ಸಂಜೆಯ ಹೊತ್ತಿಗೆ ಗೆರೆ ಒಮ್ಮೆಗೇ ಮೇಲಕ್ಕೂ ಕೆಳಕ್ಕೂ ಹುಚ್ಚು ಹಿಡಿದಂತೆ ಕುಣಿದಿತ್ತು. ಅದು ಸ್ಫೋಟ. ಆಮೇಲೆ ಸಣ್ಣಪುಟ್ಟ ಕಲ್ಲು ಉರುಳಿದ ಗುರುತು. ಆಮೇಲೆ ಶಾಂತ.

ಶಾಂತವಾದ ಸ್ವಲ್ಪ ಹೊತ್ತಿಗೆ ಗೆರೆಯ ಮೇಲೆ ಮೂರು ಚಿಕ್ಕ ಮುಳ್ಳುಗಳು ಎದ್ದಿದ್ದವು. ಒಂದು ಬಿಡುವು. ಮತ್ತೆ ಮೂರು. ಬಿಡುವು. ಮತ್ತೆ ಮೂರು.

ವಿಭಾ ಅದನ್ನು ಮೊದಲು ಯಂತ್ರದ ದೋಷವೆಂದುಕೊಂಡಳು. ಕಲ್ಲಿಗೆ ತೂತು ಹೊಡೆಯುವ ಡ್ರಿಲ್ಲಿರಬಹುದೇ ಎಂದು ಕೇಳಿದಳು. ಭೀಮರಾಜ್ ಅಲ್ಲವೆಂದ. ಅವನ ಊರು ಮಾಸ್ತಿ ಕಡೆಯದು, ಅಣ್ಣತಮ್ಮಂದಿರೆಲ್ಲ ಕ್ವಾರಿಯಲ್ಲಿ ದುಡಿದವರು. ಮದ್ದು ಹಚ್ಚಿದ ಮೇಲೆ ಎಲ್ಲ ಯಂತ್ರ ನಿಲ್ಲುತ್ತದೆ, ಕೆಲಸಗಾರರೆಲ್ಲ ದೂರ ಹೋಗಿರುತ್ತಾರೆ ಎಂದು ಹೇಳುತ್ತ ಹೇಳುತ್ತ ಅವನ ಮಾತು ನಿಂತಿತು.

ಸಾಹೇಬರ ಎದುರು ಎಂದೂ ಕೂರದವನು ಕುರ್ಚಿ ಎಳೆದುಕೊಂಡು ಕೂತುಬಿಟ್ಟ.

"ಬಡೀತಾವ್ನೆ ಮೇಡಂ," ಎಂದ. "ಕೆಳಗಿಂದ ಬಡೀತಾವ್ನೆ."

ವಿಭಾ ಫೈಲನ್ನು ಮುಂದಕ್ಕೆ ಸರಿಸಿದಳು. ಕತ್ತಲಾಗುವವರೆಗೂ ಮೂರು ಮೂರು. ರಾತ್ರಿಯೆಲ್ಲ ಮೂರು ಮೂರು. ನಡುವಿನ ಬಿಡುವು ಹೆಚ್ಚುತ್ತ ಹೋಗಿತ್ತು, ಮುಳ್ಳುಗಳು ಗಿಡ್ಡವಾಗುತ್ತ ಬಂದಿದ್ದವು. ಆದರೂ ನಿಂತಿರಲಿಲ್ಲ. ಭಾನುವಾರ ಬೆಳಗಿನ ಹೊತ್ತಿಗೆ ಅವು ಒಮ್ಮೆಗೇ ಜೋರಾಗಿದ್ದವು, ಬಿಡುವಿಲ್ಲದೆ, ಸಾಲುಸಾಲಾಗಿ. ಮೇಲೆ ಜನ ಓಡಾಡುವ ಸದ್ದು ಅವನಿಗೆ ಕೇಳಿಸಿರಬೇಕು. ತನ್ನನ್ನು ಎತ್ತಲು ಬಂದರೆಂದುಕೊಂಡಿರಬೇಕು.

ಅದಾದ ಮೇಲೆ ಇನ್ನೊಂದು ಸ್ಫೋಟ. ಅದಾದ ಮೇಲೆ ಗೆರೆ ನೇರ.

*

ಠಾಣೆಯ ಹೊರಗೆ ಹೊಂಗೆ ಮರದ ಕೆಳಗೆ ಮುನಿಕೃಷ್ಣಪ್ಪನ ತಾಯಿ ಅಶ್ವತ್ಥಮ್ಮ ಕೂತಿದ್ದಳು. ಮಗ ಕಾಣೆಯಾದಂದಿನಿಂದ ಬೆಳಗಿನ ಮೊದಲ ಬಸ್ಸಿಗೆ ಮಾಲೂರಿಗೆ ಬರುತ್ತಿದ್ದಳು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು.

ಮುನಿಕೃಷ್ಣಪ್ಪ ಜಗಳವಾಡಿಕೊಂಡು ಕುಪ್ಪಂ ಕಡೆಯ ರೈಲು ಹತ್ತಿದನೆಂದು ಕ್ವಾರಿಯವರು ಹೇಳಿದ್ದರು. ಮ್ಯಾನೇಜರ್ ನರಸಿಂಹ ಮನೆಯವರೆಗೂ ಹೋಗಿ, ಹೆಂಡತಿ ಸಾಕಾಗಿದ್ದಾಳೆ ಎಂದು ಹೇಳಿಯೇ ಹೋದನೆಂದು ಅವನ ಹೆಂಡತಿ ಗಂಗಾಲಕ್ಷ್ಮಿಯ ಮುಖಕ್ಕೇ ಹೇಳಿ ಬಂದಿದ್ದ. ಅವಳು ಅದನ್ನು ನಂಬಿದಳು. ಮಗುವನ್ನು ಎತ್ತಿಕೊಂಡು ಯಲ್ದೂರಿನ ತವರಿಗೆ ಹೋದವಳು, ಹೋಗುವಾಗ ಗಂಡನ ಬಟ್ಟೆಗಳನ್ನೆಲ್ಲ ಒಲೆಗೆ ಹಾಕಿದ್ದಳು.

ನಂಬದೆ ಉಳಿದವಳು ಅಶ್ವತ್ಥಮ್ಮ ಒಬ್ಬಳೇ. ಅವಳು ಹೇಳುತ್ತಿದ್ದದ್ದು ದಿನಾ ಒಂದೇ ಮಾತು, ಮನೆಯ ತೆಲುಗಿನಲ್ಲಿ: "ನಾ ಕೊಡುಕು ಏಡಿಕೀ ಪೋಲೇದಮ್ಮ." ನನ್ನ ಮಗ ಎಲ್ಲಿಗೂ ಹೋಗಿಲ್ಲ.

ಅವನು ನಿಜವಾಗಿಯೂ ಎಲ್ಲಿಗೂ ಹೋಗಿರಲಿಲ್ಲ.

ವಿಭಾ ಮೆಟ್ಟಿಲಿಳಿದು ಬಂದಾಗ ಮುದುಕಿ ಎದ್ದು ನಿಂತಳು. ಒಳಗಿನ ಪೆಟ್ಟಿಗೆ ಏನಾದರೂ ಹೇಳಿತೇ ಎಂದು ಕೇಳಿದಳು. ಇವತ್ತು ಬೇಗ ಮನೆಗೆ ಹೋಗಿ, ನಾಳೆ ನಾನೇ ಬರುತ್ತೇನೆ ಎಂದಳು ವಿಭಾ. ಅಶ್ವತ್ಥಮ್ಮ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಮರದ ಕೆಳಗೇ ಕೂತಳು.

ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಕರೆದುಕೊಂಡು ಭೀಮರಾಜ್ ಕ್ವಾರಿಗೆ ಹೊರಟ. ಅಲ್ಲಿ ಒಂದು ಕಲ್ಲೂ ಅಲುಗಬಾರದು, ಯಾರೂ ಒಳಗೆ ಬರಬಾರದು ಎಂದು ವಿಭಾ ಹೇಳಿ ಕಳಿಸಿದಳು.

ಅಯಸ್ಕಾಂತ ಇಟ್ಟವರು ಯಾರು ಎಂಬುದೊಂದು ಉಳಿದಿತ್ತು. ಯಂತ್ರ ಮುಟ್ಟಿದವರು ಮೂವರೇ. ಗಂಗುಲಪ್ಪ ಎಸೆದು ಒಡೆಯುವ ಜಾತಿ. ಸ್ಟಿಕ್ಕರು ಬಿಡಿಸಿ ಮತ್ತೆ ಅಂಟಿಸುವ ತಾಳ್ಮೆ ಅವನದಲ್ಲ. ಮೇಲಾಗಿ, ಎಸೆದವನಿಗೆ ಅದು ಸಾಯಬೇಕಿತ್ತು. ಅಯಸ್ಕಾಂತ ಇಟ್ಟವನಿಗೆ ಅದು ಬದುಕಬೇಕಿತ್ತು. ನರಸಿಂಹನಿಗೆ ಲ್ಯಾಪ್‌ಟಾಪ್ ಆನ್ ಮಾಡುವುದೂ ಬಾರದು.

ಇನ್ನು ಆ ರೆಕ್ಸಿನ್ ಚೂರು. ಸೊಂಟದ ಬೆಲ್ಟಿಗೆ ಸಿಕ್ಕಿಸುವ ಮೊಬೈಲ್ ಪೌಚಿನ ಮುಚ್ಚಳದಲ್ಲಿ ಅಂಥದ್ದೇ ಅಯಸ್ಕಾಂತ ಇರುತ್ತದೆ.

*

ಮುಳಬಾಗಿಲಿನ ದೇವಸ್ಥಾನದ ಬೀದಿಯಲ್ಲಿ ಶ್ರೀರಾಮನ ಮನೆ. ತಂದೆ ಅರ್ಚಕರಾಗಿದ್ದವರು, ತೀರಿಕೊಂಡಿದ್ದರು. ಬಾಗಿಲು ತೆರೆದದ್ದು ತಾಯಿ ತುಳಸಮ್ಮ. ಪೊಲೀಸು ಬಟ್ಟೆಯ ಹೆಂಗಸನ್ನು ನೋಡಿ ಗಾಬರಿಯಾಗದೆ, ಬಿಸಿಲಲ್ಲಿ ಬಂದಿದ್ದೀಯಮ್ಮ ಎಂದು ಒಳಗೆ ಕರೆದು, ಫ್ಯಾನು ಹಾಕಿ, ಕಾಫಿಗೆ ಇಡಲು ಹೋದಳು.

ಶ್ರೀರಾಮ್ ಪಡಸಾಲೆಗೆ ಬಂದ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ತಣ್ಣಗಿನ ದನಿ. ವಿಭಾಳ ತೊಡೆಯ ಮೇಲಿನ ಲ್ಯಾಪ್‌ಟಾಪ್ ನೋಡಿ ಅವನ ಹೆಜ್ಜೆ ತಡೆಯಿತು, ಅಷ್ಟೇ. ಮುಖದಲ್ಲಿ ಏನೂ ಬದಲಾಗಲಿಲ್ಲ.

ಪರದೆಗೆ ಏನಾಗಿರಬಹುದೆಂದು ಅವಳು ಕೇಳಿದಳು. ಅವನು ಪಾಠ ಹೇಳುವವನಂತೆ ವಿವರಿಸಿದ. ಹಿಂದಿನ ದೀಪಕ್ಕೆ ಕರೆಂಟು ಕೊಡುವ ಹಲಗೆ ಹೋಗಿರುತ್ತದೆ, ಈ ಮಾಡಲ್ಲು ನಿಂತು ವರ್ಷಗಳಾದವು, ಬಿಡಿಭಾಗ ಸಿಗುವುದಿಲ್ಲ, ಡಿಸ್ಕೂ ಕೆಟ್ಟಿರುತ್ತದೆ, ಬೆಂಗಳೂರಿಗೆ ಕಳಿಸಿದರೂ ಪ್ರಯೋಜನವಿಲ್ಲ ಎಂದ.

"ನಿಮ್ಮ ಮೊಬೈಲ್ ಪೌಚ್ ಯಾಕೆ ಮುಚ್ಚಲ್ಲ?" ವಿಭಾ ಕೇಳಿದಳು.

ಅವನು ಸೊಂಟದ ಕಡೆ ನೋಡಿಕೊಂಡ. ಕಪ್ಪು ಪೌಚಿನ ಮುಚ್ಚಳ ಸಡಿಲವಾಗಿ ಜೋತಾಡುತ್ತಿತ್ತು. ಅಂಚಿನ ಹೊಲಿಗೆಯನ್ನು ಬ್ಲೇಡಿನಿಂದ ಸೀಳಿದ್ದು ಕೂತಲ್ಲಿಂದಲೇ ಕಾಣುತ್ತಿತ್ತು.

ವಿಭಾ ಪ್ಲಾಸ್ಟಿಕ್ ಕವರಿನಲ್ಲಿದ್ದ ಅಯಸ್ಕಾಂತವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿ ಅವನ ಕಡೆ ತಿರುಗಿಸಿದಳು. ಪರದೆ ಬೆಳಗಿತು. ಮೂರು ಮುಳ್ಳು, ಬಿಡುವು, ಮೂರು ಮುಳ್ಳು.

ಶ್ರೀರಾಮ್ ಎದುರಿನ ಕುರ್ಚಿಯಲ್ಲಿ ಕೂತ.

"ಎಲ್ಲಾ ನೋಡಿದ್ರಾ?"

"ಭಾನುವಾರ ಬೆಳಗಿನ ತನಕದ್ದೂ ನೋಡಿದೆ."

ಅವನು ತಲೆಯಾಡಿಸಿದ. ಅತ್ತು ಕರೆದು ಮಾಡುತ್ತಾನೆಂದು ವಿಭಾ ಅಂದುಕೊಂಡಿದ್ದಳು. ಅವನು ಹಾಗೇನೂ ಮಾಡದೆ, ವರದಿ ಓದುವವನಂತೆ ಹೇಳತೊಡಗಿದ.

ಆ ಸಂಜೆ ಗಂಗುಲಪ್ಪನಿಗೆ ಅವಸರವಿತ್ತು. ಸೈರನ್ ಹೊಡೆಯದೆ ಮದ್ದು ಹಚ್ಚಿಸಿದ. ತೂತುಗಳನ್ನು ಕೊನೆಯ ಸಲ ನೋಡಲು ಇಳಿದಿದ್ದ ಮುನಿಕೃಷ್ಣಪ್ಪ ಇನ್ನೂ ಮೇಲೆ ಬಂದಿರಲಿಲ್ಲ. ಬಂಡೆ ಅವನನ್ನು ಜಜ್ಜಲಿಲ್ಲ. ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕಿಹಾಕಿಕೊಂಡ. ಮೇಲೆ ನಿಂತವರಿಗೆ ಅವನು ಬಡಿಯುವ ಸದ್ದೇ ಕೇಳುತ್ತಿರಲಿಲ್ಲ. ಶೆಡ್ಡಿನಲ್ಲಿ ಪರದೆಯ ಮುಂದೆ ಕೂತಿದ್ದ ಶ್ರೀರಾಮನಿಗೆ ಮಾತ್ರ ಕಂಡಿತು.

"ಎತ್ತಬೇಕು ಅಂತ ಅನ್ನಿಸ್ಲಿಲ್ವಾ?"

"ಮೇಲೆ ಬಿದ್ದಿದ್ದು ಲಾರಿಯಷ್ಟು ಬಂಡೆ ಮೇಡಂ. ಕ್ರೇನ್ ತರಿಸ್ಬೇಕು. ಕ್ರೇನ್ ತರಿಸಿದ್ರೆ ಊರೆಲ್ಲಾ ಬರತ್ತೆ. ಅಷ್ಟರಲ್ಲಿ ಅವನು ಹೇಗಿದ್ರೂ ಸಾಯೋನೇ."

"ರಾತ್ರಿಯೆಲ್ಲಾ ಸಾಯ್ಲಿಲ್ವಲ್ಲ."

ರಾತ್ರಿ ತಾನೂ ಗಂಗುಲಪ್ಪನೂ ಶೆಡ್ಡಿನಲ್ಲೇ ಕೂತು ಅದು ನಿಲ್ಲಲೆಂದು ಕಾದೆವು ಎಂದ. ನಿಲ್ಲಲಿಲ್ಲ. ಬೆಳಗಾಗುತ್ತ ಬಂದಾಗ ಗಂಗುಲಪ್ಪ ಇನ್ನೊಂದು ಸಲ ಸಿಡಿಸೋಣವೆಂದ. ಆದರೆ ಬಂಡೆಗಳ ರಾಶಿಯಲ್ಲಿ ಮದ್ದನ್ನು ಎಲ್ಲಿ ಇಡಬೇಕೆಂದು ಗೊತ್ತಾಗಲಿಲ್ಲ.

ಶ್ರೀರಾಮ್ ಪರದೆಯ ಮೇಲಿನ ಮುಳ್ಳುಗಳತ್ತ ಕೈ ತೋರಿಸಿದ.

"ಸೆನ್ಸರ್‌ನ ಬೇರೆ ಬೇರೆ ಬಂಡೆ ಮೇಲೆ ಇಟ್ಟು ನೋಡಿದ್ರೆ ಎಲ್ಲಿ ಜೋರಾಗಿದೆ ಅಂತ ತಿಳಿಯತ್ತೆ," ಎಂದ. "ನಾನು ಗುರುತು ಮಾಡಿ ಕೊಟ್ಟೆ. ಸುಣ್ಣದಲ್ಲಿ."

ವಿಭಾಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಕಾಪಾಡಿ ಎಂದು ಮುನಿಕೃಷ್ಣಪ್ಪ ಬಡಿದ ಪ್ರತಿ ಏಟೂ ತಾನೆಲ್ಲಿದ್ದೇನೆಂದು ಇವರಿಗೆ ತೋರಿಸಿಕೊಟ್ಟಿತ್ತು. ಬೆಳಗಿನ ಹೊತ್ತು ಮುಳ್ಳುಗಳು ಜೋರಾಗಿದ್ದವು. ತಲೆಯ ಮೇಲೆ ಇವನ ಹೆಜ್ಜೆ ಕೇಳಿ ಅವನು ಇನ್ನೂ ಜೋರಾಗಿ ಬಡಿದಿದ್ದ.

ಹಿಂದೆ ಲೋಟದ ಸದ್ದಾಯಿತು. ತುಳಸಮ್ಮ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಆ ಭಾನುವಾರ ಮಧ್ಯಾಹ್ನ ನೀನು ಮನೆಗೆ ಬಂದ್ಯಲ್ಲೋ," ಎಂದಳು. "ಹುಳಿ ಚೆನ್ನಾಗಿದೆ ಅಂತ ಎರಡನೇ ಸಲ ಬಡಿಸ್ಕೊಂಡೆ."

"ಅಮ್ಮ, ಒಳಗ್ಹೋಗು."

ಅವಳು ಬಂದು ಒಂದು ಲೋಟ ವಿಭಾಳ ಮುಂದಿಟ್ಟಳು. ಮಗನಿಗೆ ತಂದ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಹಿತ್ತಲಿಗೆ ಹೋದಳು. ಬಚ್ಚಲಿಗೆ ಕಾಫಿ ಸುರಿದದ್ದು ಒಳಗಿನವರೆಗೂ ಕೇಳಿಸಿತು. ಅವಳು ಮತ್ತೆ ಬರಲಿಲ್ಲ.

ಉಳಿದದ್ದನ್ನು ಶ್ರೀರಾಮ್ ಬೇಗ ಮುಗಿಸಿದ. ಎಲ್ಲ ಮುಗಿದ ಮೇಲೆ ಗಂಗುಲಪ್ಪ ಯಂತ್ರವನ್ನು ನಾಶ ಮಾಡು ಎಂದ. ಶ್ರೀರಾಮ್ ಪೌಚು ಸೀಳಿ ಅಯಸ್ಕಾಂತ ತೆಗೆದು ಇಟ್ಟು, ಕಪ್ಪು ಪರದೆ ತೋರಿಸಿ, ಇದು ಆಗಲೇ ಸತ್ತಿದೆ ಎಂದ. ಗಂಗುಲಪ್ಪ ನಂಬಿದರೂ ಸುಮ್ಮನಾಗಲಿಲ್ಲ. ಕ್ವಾರಿಯ ಅಂಚಿನಿಂದ ಕೆಳಗೆಸೆದ. ಅಂಥ ಏಟು ತಿನ್ನಲೆಂದೇ ಮಾಡಿದ ಯಂತ್ರ, ಉಳಿಯಿತು. ಶ್ರೀರಾಮ್ ಅದನ್ನು ಹೆಕ್ಕಿ ಶೆಡ್ಡಿನಲ್ಲಿಟ್ಟ. ಮನೆಗೆ ಸಾಗಿಸುವ ಮೊದಲು ಪೊಲೀಸರು ಶೆಡ್ಡಿಗೆ ಬೀಗ ಹಾಕಿದರು.

ಫೈಲು ಅಳಿಸಿಹಾಕಬಹುದಿತ್ತಲ್ಲ ಎಂದು ವಿಭಾ ಕೇಳಿದಳು. ಮನಸ್ಸಾಕ್ಷಿ ತಡೆಯಿತು ಎಂಬ ಉತ್ತರ ಬರಬಹುದೆಂದು ಅವಳ ಒಳಗೆ ಎಲ್ಲೋ ಒಂದು ಆಸೆಯಿತ್ತು.

"ನಾಳೆ ಗಂಗುಲಪ್ಪ ನನ್ನ ಮೇಲೆ ತಿರುಗಿಬಿದ್ರೆ?" ಎಂದ ಅವನು. "ನನ್ನ ಕೈಲೂ ಏನಾದ್ರೂ ಇರಬೇಕಲ್ವಾ."

*

ಕೈಗೆ ಬೇಡಿ ಹಾಕಿಸುವ ಮೊದಲು ವಿಭಾ ಇನ್ನೊಂದು ವಿಷಯ ಕೇಳಿದಳು. ಶೆಡ್ಡಿನಲ್ಲಿ ಸೆನ್ಸರಿಗೆ ಹೋಗುವ ಎರಡು ಉದ್ದ ವೈರಿನ ಸುರುಳಿಗಳಿದ್ದವು. ಲ್ಯಾಪ್‌ಟಾಪಿಗೆ ಸೇರುವ ಪೆಟ್ಟಿಗೆಯಲ್ಲೂ ಎರಡು ಕಿಂಡಿಗಳಿದ್ದವು. ಅವಳು ನೋಡಿದ್ದು ಒಂದೇ ಗೆರೆ.

ಎರಡನೆಯ ಸೆನ್ಸರು ಲೆಕ್ಕಕ್ಕಿಲ್ಲ ಎಂದ ಶ್ರೀರಾಮ್. ಊರಿನ ಮನೆಗಳ ಹತ್ತಿರ ಇಡಬೇಕೆಂದು ನಿಯಮ, ಆದರೆ ವೈರು ಅಷ್ಟು ದೂರ ಹೋಗುವುದಿಲ್ಲ. ಹಾಗಾಗಿ ಬೆಟ್ಟದ ಬುಡದ ಹಳೆಯ ಮದ್ದಿನ ಕೋಣೆಯ ಗೋಡೆ ಪಕ್ಕದಲ್ಲಿ ಇಟ್ಟಿದ್ದ. ಸ್ಫೋಟಕ ತುಂಬಿಡಲು ಕಲ್ಲಿನಲ್ಲಿ ಕೊರೆದ ಕೋಣೆ ಅದು, ಈಗ ಬಳಸುವುದಿಲ್ಲ. ಅಲ್ಲಿನ ಗೆರೆಯನ್ನು ತಾನು ತೆರೆದೂ ನೋಡಿಲ್ಲವೆಂದ.

ವಿಭಾ ತೆರೆದಳು.

ಶನಿವಾರದ ಸ್ಫೋಟ ಅಲ್ಲಿಯೂ ಇತ್ತು, ಚಿಕ್ಕದಾಗಿ. ಭಾನುವಾರದ್ದೂ ಇತ್ತು. ಅದಾದ ಮೇಲೆ ಮೊದಲ ಗೆರೆ ನೇರವಾಗಿತ್ತು. ಇದು ನೇರವಾಗಿರಲಿಲ್ಲ.

ಎರಡು ಮುಳ್ಳು. ಬಿಡುವು. ಎರಡು ಮುಳ್ಳು. ಬಿಡುವು. ಶ್ರೀರಾಮ್ ವೈರು ಕಿತ್ತ ಗಳಿಗೆಯವರೆಗೂ ಹಾಗೇ ನಡೆದಿತ್ತು.

ವಿಭಾ ಅವನ ಮುಖ ನೋಡಿದಳು. ಇಷ್ಟು ಹೊತ್ತು ಅಲುಗದಿದ್ದ ಮುಖ ಈಗ ಬೆವರಿತ್ತು. ಅವನು ಪರದೆಯ ಹತ್ತಿರ ಬಗ್ಗಿ, ಒಂದು ಗೆರೆಯಿಂದ ಇನ್ನೊಂದಕ್ಕೆ, ಮತ್ತೆ ಮೊದಲನೆಯದಕ್ಕೆ ಹೋಗಿ ನೋಡಿದ.

"ಪ್ರತಿಧ್ವನಿಯಾ?" ಅವಳು ಕೇಳಿದಳು.

"ಅಲ್ಲ." ಅವನ ದನಿ ಇಳಿದಿತ್ತು. "ಅಲ್ಲಿ ಬಂಡೆ ಬಿದ್ದಿಲ್ಲ ಮೇಡಂ. ಆ ಕೋಣೆಗೆ ಏನೂ ಆಗಿಲ್ಲ. ಬೀಗ ಹಾಕಿರತ್ತೆ. ಕೀ ಗಂಗುಲಪ್ಪನವರ ಹತ್ರ ಮಾತ್ರ ಇರೋದು."

ಕ್ವಾರಿಯಿಂದ ಕಾಣೆಯಾದವನು ಒಬ್ಬನೇ. ತಾಲ್ಲೂಕಿನ ಯಾವ ಠಾಣೆಯಲ್ಲೂ ಎರಡನೆಯ ದೂರು ಇರಲಿಲ್ಲ.

ವಿಭಾ ಭೀಮರಾಜನಿಗೆ ಫೋನು ಹಚ್ಚಿದಳು. ಕ್ವಾರಿ ಖಾಲಿಯಿದೆ, ಕೆಲಸಗಾರರನ್ನೆಲ್ಲ ಆವತ್ತೇ ಊರಿಗೆ ಕಳಿಸಿದ್ದಾರೆ, ನಾಯಿಗಳು ಬಿಟ್ಟರೆ ಯಾರೂ ಇಲ್ಲವೆಂದ ಅವನು. ಬೆಟ್ಟದ ಬುಡದ ಮದ್ದಿನ ಕೋಣೆಗೆ ಹೋಗಿ, ಫೋನು ಇಡಬೇಡಿ ಎಂದಳು. ಜಲ್ಲಿಯ ಮೇಲೆ ಅವನು ನಡೆಯುವ ಸದ್ದು, ಏದುಸಿರು ಕೇಳುತ್ತಿತ್ತು.

"ಬಾಗಿಲೇ ಇಲ್ವಲ್ಲ ಮೇಡಂ," ಭೀಮರಾಜ್ ಹೇಳಿದ. "ಬಾಗಿಲಿರೋ ಜಾಗಕ್ಕೆ ಗೋಡೆ ಕಟ್ಟವ್ರೆ. ಸಿಮೆಂಟು ಇನ್ನೂ ಹಸಿಯಾಗೈತೆ."

"ಇವತ್ತು ಕಟ್ಟಿದ್ದಾ?"

"ಇವತ್ತೇ ಇರ್ಬೇಕು. ಬುಡದಾಗೆ ಒಂದು ಸಣ್ಣ ಕಿಂಡಿ ಬಿಟ್ಟವ್ರೆ. ಅದರ ಮುಂದೆ ತಟ್ಟೆ ಐತೆ. ತಟ್ಟೇಲಿ ಮುದ್ದೆ." ತಟ್ಟೆ ಕಲ್ಲಿಗೆ ತಾಗಿದ ಸದ್ದು ಕೇಳಿಸಿತು. "ಮುಟ್ಟಿ ನೋಡ್ದೆ ಮೇಡಂ. ಇನ್ನೂ ಬಿಸಿ ಐತೆ."

ಊಟ ಇಟ್ಟು ಅಲ್ಲೇ ಅಡಗಿರಬಹುದಾದವನನ್ನು ಹುಡುಕಲು ಕಾನ್‌ಸ್ಟೇಬಲ್‌ಗಳನ್ನು ಸುತ್ತ ಕಳಿಸಲು ವಿಭಾ ಹೇಳುತ್ತಿದ್ದಳು. ಭೀಮರಾಜ್ ಕೇಳಿಸಿಕೊಳ್ಳುತ್ತಿರಲಿಲ್ಲ.

"ಕೈ ಬಂತು," ಎಂದ. "ಕಿಂಡಿಯಿಂದ ಒಂದು ಕೈ ಬಂತು ಮೇಡಂ. ತಟ್ಟೆ ತಡಕ್ತಾ ಐತೆ. ಹೆಂಗಸಿನ ಕೈ. ಬಳೆ ಐತೆ."

"ಮಾತಾಡ್ಸಿ. ಪೊಲೀಸ್ನೋರು ಅಂತ ಹೇಳಿ. ಹೆಸರು ಕೇಳಿ."

ಅವನು ಬಗ್ಗಿ ಏನೋ ಕೇಳಿದ್ದು ಮಸುಕಾಗಿ ಕೇಳಿಸಿತು. ಮತ್ತೆ ಫೋನಿಗೆ ಬಂದಾಗ ಆ ಹಳೆಯ ಪೊಲೀಸಿನವನ ದನಿ ಒಡೆದುಹೋಗಿತ್ತು.

"ಹೆಸರು ಹೇಳ್ತಿಲ್ಲ ಮೇಡಂ. ನನ್ನನ್ನ ಈ ಗೋಡೆ ಕಟ್ಟಿದೋನು ಅನ್ಕೊಂಡವ್ಳೆ. ಕೈ ಎಳ್ಕೊಂಡ್ಬಿಟ್ಳು. ಒಂದೇ ಮಾತು ಹೇಳ್ತಾವ್ಳೆ. ಇನ್ಮೇಲೆ ಬಡಿಯಲ್ಲ ಸಾಮಿ, ಇನ್ಮೇಲೆ ಬಡಿಯಲ್ಲ, ಅಂತಾವ್ಳೆ."